ಮೂಗು ಆರಿಸಿದ ಯಂತ್ರ

ಸುಗಂಧ ತೈಲದ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಮೂಗಿನಮ್ಮ ಎನ್ನುತ್ತಿದ್ದರು. ಕಾಗದದ ಸಣ್ಣ ಪಟ್ಟಿಯನ್ನು ಎಣ್ಣೆಗೆ ಅದ್ದಿ, ಕಣ್ಣು ಮುಚ್ಚಿ ಮೂಗಿನ ಬಳಿ ಆಡಿಸಿ ಅವಳು "ಹೂಂ" ಎಂದರೆ ಪೀಪಾಯಿಗಳು ಲಾರಿಯಿಂದ ಇಳಿಯುತ್ತಿದ್ದವು, "ಥೂ" ಎಂದರೆ ಲಾರಿ ಬಂದ ದಾರಿಯಲ್ಲೇ ವಾಪಸ್ಸು. ದೊಡ್ಡ ದೊಡ್ಡ ವ್ಯಾಪಾರಿಗಳು ಅವಳೆದುರು ಕೈಕಟ್ಟಿ ನಿಲ್ಲುತ್ತಿದ್ದರು. ಅದರ ರುಚಿ ಅವಳಿಗೆ ಚೆನ್ನಾಗಿಯೇ ಹತ್ತಿತ್ತು.

ಹೋದ ವರ್ಷ ಬಂದ ಜ್ವರ ಆ ಮೂಗನ್ನು ತಿಂದುಹಾಕಿತು. ಜ್ವರ ಬಿಟ್ಟಿತು, ವಾಸನೆ ಮರಳಲಿಲ್ಲ. ಅವಳು ಯಾರ ಬಳಿಯೂ ಬಾಯಿಬಿಡಲಿಲ್ಲ. ಅದೇ ಪ್ರಯೋಗಾಲಯದಲ್ಲಿ ಅವಳ ಸೊಸೆ ಕೆಮಿಸ್ಟ್ ಆಗಿದ್ದಳು. ಪಟ್ಟಿಯನ್ನು ಮೊದಲು ಸೊಸೆಯ ಮೂಗಿಗೆ ಹಿಡಿದು, "ಹೇಳು ನೋಡೋಣ, ಏನಾದ್ರೂ ಕಲ್ತಿದೀಯೋ ಇಲ್ವೋ" ಎನ್ನುವಳು. ಸೊಸೆ ಹೇಳಿದ್ದನ್ನೇ ಆಮೇಲೆ ತನ್ನ ಮಾತೆಂಬಂತೆ ಗಟ್ಟಿಯಾಗಿ ಸಾರುವಳು.

ಸೊಸೆಗೆ ಗುಟ್ಟು ತಿಳಿದದ್ದು ಮನೆಯಲ್ಲಿ. ಒಲೆ ಆರಿ ಗ್ಯಾಸ್ ಬುಸುಗುಡುತ್ತಿದ್ದರೂ ಅತ್ತೆ ಪಕ್ಕದಲ್ಲೇ ಕೂತು ಆರಾಮಾಗಿ ಈರುಳ್ಳಿ ಹೆಚ್ಚುತ್ತಿದ್ದಳು. ಸೊಸೆ ಓಡಿಬಂದು ಗ್ಯಾಸ್ ಬಂದ್ ಮಾಡಿ ಕಿಟಕಿ ತೆರೆದಳು. ಇಬ್ಬರೂ ಮುಖ ಮುಖ ನೋಡಿಕೊಂಡರು. ಮರುದಿನದಿಂದ ಅತ್ತೆ ಕೇಳುವ ಮೊದಲೇ ಸೊಸೆ ಪಿಸುಮಾತಿನಲ್ಲಿ ಹೇಳಿಬಿಡುತ್ತಿದ್ದಳು.

ಹೀಗಿರುವಾಗ ಪ್ರಯೋಗಾಲಯಕ್ಕೊಂದು ಜಿ.ಸಿ.ಎಂ.ಎಸ್. ತರಲು ಯಜಮಾನ ಮನಸ್ಸು ಮಾಡಿದ. ಎಣ್ಣೆಯ ಹನಿಯನ್ನು ಆವಿ ಮಾಡಿ, ಅದರಲ್ಲಿ ಬೆರೆತಿರುವುದನ್ನೆಲ್ಲ ಬಿಡಿಸಿ, ಒಂದೊಂದರ ಗುರುತೂ ಹೇಳುವ ಯಂತ್ರ ಅದು. ಮೂರು ಕಂಪನಿಗಳು ಮುಂದೆ ಬಂದವು. ಯಾವುದು ಎಷ್ಟು ಸೂಕ್ಷ್ಮ, ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ ಎಂದೆಲ್ಲ ಸೊಸೆ ವಿಚಾರಿಸಿಕೊಂಡು ಬಂದಿದ್ದಳು. ಯಜಮಾನ ಅರ್ಧಕ್ಕೇ ತಡೆದ.

"ಅವೆಲ್ಲ ನನ್ನ ತಲೆಗೆ ಹೋಗಲ್ಲಮ್ಮ. ಒಂದೇ ಎಣ್ಣೆ ಮೂವರಿಗೂ ಕಳಿಸೋಣ. ನಮ್ಮ ಮೂಗಿನಮ್ಮನೂ ನೋಡ್ಲಿ. ಯಾವ ಮೆಷಿನ್ ಇವರ ಮಾತಿಗೆ ತಾಳೆ ಆಗುತ್ತೋ ಅದೇ ನಮ್ಮದು."

ಹೊಸ ವ್ಯಾಪಾರಿಯೊಬ್ಬ ತಂದಿದ್ದ ಎಣ್ಣೆಯ ಬಾಟಲಿಯನ್ನು ಯಜಮಾನ ತನ್ನ ಕೋಣೆಯಲ್ಲೇ ಅತ್ತೆಯ ಮುಂದಿಟ್ಟ. ಸೊಸೆಯನ್ನು ಒಳಗೆ ಬಿಡಲಿಲ್ಲ. ಅತ್ತೆ ಪಟ್ಟಿಯನ್ನು ಮೂಗಿಗೆ ಹಿಡಿದಳು. ನೀರು ಮೂಸಿದ ಹಾಗಿತ್ತು. ಯಜಮಾನ ಅವಳ ಬಾಯನ್ನೇ ನೋಡುತ್ತಿದ್ದ.

"ಅಪ್ಪಟ," ಎಂದಳು. "ಇಂಥ ಮಾಲು ನೋಡಿ ಬಹಳ ದಿನ ಆಗಿತ್ತು."

ಎರಡು ಯಂತ್ರಗಳು ಆ ಎಣ್ಣೆಯಲ್ಲಿ ಟರ್ಪೆಂಟೈನ್ ಇದೆ ಎಂದವು. ಮೂರನೆಯದು ಶುದ್ಧ ಎಂದಿತು. ಕಂಪನಿಯವರೆಲ್ಲ ಕೂಡಿದ ದಿನ ಸೊಸೆ ಎದ್ದು ನಿಂತು ಯಂತ್ರಗಳು ಬರೆದುಕೊಟ್ಟ ನಕ್ಷೆ ತೋರಿಸಿದಳು. "ಸರ್, ಇಲ್ಲಿ ಎಣ್ಣೆಯದೊಂದು, ಟರ್ಪೆಂಟೈನಿನದೊಂದು, ಎರಡು ಮೊನೆ ಬೇರೆ ಬೇರೆ ನಿಲ್ಲಬೇಕು. ಈ ಮೂರನೇ ಮೆಷಿನ್ ಬಿಡಿಸೋಕಾಗದೆ ಎರಡನ್ನೂ ಸೇರಿಸಿ ಒಂದೇ ಗುಡ್ಡ ಮಾಡಿದೆ. ಕಲಬೆರಕೆ ಇರೋದು ನಿಜ, ನಾನೂ ಮೂಸಿದೀನಿ." ಆಮೇಲೆ ಅತ್ತೆಯ ಕಡೆ ತಿರುಗಿ ಮೆಲ್ಲಗೆ, "ಅತ್ತೆ, ಇನ್ನೊಂದ್ಸಲ ನೋಡಿ," ಎಂದಳು. ಜಾರಿಕೊಳ್ಳಲು ಅದೊಂದು ದಾರಿ. ಅತ್ತೆಗೂ ಅದು ಅರ್ಥವಾಯಿತು.

"ಇವಳಿಗೆ ನೆಗಡಿ, ಸರ್," ಎಂದಳು ಅತ್ತೆ. "ಆ ಎರಡು ಮೆಷಿನ್ನಿಗೂ ಇವಳಿಂದಲೇ ಅಂಟಿರಬೇಕು."

ಯಜಮಾನ ಹೊಟ್ಟೆ ಹಿಡಿದುಕೊಂಡು ನಕ್ಕ. ಸೋತ ಕಂಪನಿಯವರೂ ಹಲ್ಲುಕಿರಿದರು. ಮೂರನೇ ಯಂತ್ರ ಬಂತು, ಆ ವ್ಯಾಪಾರಿಯ ಪೀಪಾಯಿಗಳೂ ಬಂದವು.

ಆ ಎಣ್ಣೆ ಕೊಂಡ ಸಾಬೂನು ಕಾರ್ಖಾನೆಯವರು ಕಲಬೆರಕೆಯೆಂದು ಮಾಲನ್ನೆಲ್ಲ ಹಿಂದಕ್ಕೆ ಕಳಿಸಿದರು. ಯಜಮಾನ ಕೆಂಡವಾಗಿ ಪ್ರಯೋಗಾಲಯಕ್ಕೆ ನುಗ್ಗಿದ. "ಇದೇನು, ಮೆಷಿನ್ ತಪ್ಪೋ, ನಡೆಸಿದವರ ತಪ್ಪೋ?" ಎಂದು ಅತ್ತೆಯನ್ನೇ ಕೇಳಿದ.

"ಮೆಷಿನ್ ಬಂಗಾರದಂಥದ್ದು. ಇವಳ ಕೈ ಇನ್ನೂ ಪಳಗಿಲ್ಲ."

ಸೊಸೆ ಮುಂದೆ ಬಂದಳು. "ಸರ್, ಅತ್ತೆಗೆ ವಾಸನೆನೇ ಬರಲ್ಲ. ಇಷ್ಟು ದಿನ ಹೇಳ್ತಿದ್ದವಳು ನಾನು!"

"ಅತ್ತೆ ಸೊಸೆ ಜಗಳ ಮನೇಲಿಟ್ಕೊಳ್ಳಮ್ಮ," ಎಂದ ಯಜಮಾನ. "ನಾಳೆಯಿಂದ ನೀನೂ ಮನೇಲೇ ಇರು."

ಮನೆಯಲ್ಲಿ ಗಂಡನೂ ನಂಬಲಿಲ್ಲ. ಒಂದು ಸಂಜೆ ಅವಳು ಡಬ್ಬಿಯ ತಳದಲ್ಲಿ ಕಮಟು ಹಿಡಿದಿದ್ದ ಎಣ್ಣೆಯಲ್ಲಿ, ಖಾರ ಧಾರಾಳವಾಗಿ ಹಾಕಿ, ಅಡುಗೆ ಮಾಡಿದಳು. ಮೊದಲು ಅತ್ತೆಗೆ ಬಡಿಸಿದಳು. ಅತ್ತೆ ಚಪ್ಪರಿಸಿ ತಿಂದಳು. ಆಮೇಲೆ ಕೂತ ಮಗ ತುತ್ತು ಬಾಯಿಗಿಟ್ಟವನೇ ಉಗಿದ.

"ಥೂ, ಕಮಟು! ಇದನ್ನ ಮನುಷ್ಯರು ತಿಂತಾರಾ?"

"ನಿಮ್ಮಮ್ಮನ್ನೇ ಕೇಳಿ. ತಟ್ಟೆ ಖಾಲಿ ಮಾಡಿದಾರೆ. ವಾಸನೆ ಬರೋರಾಗಿದ್ರೆ ತಿಂತಿದ್ರಾ?"

ಮಗ ತಾಯಿಯ ತಟ್ಟೆಯನ್ನು ನೋಡಿದ. ಅವಳು ಸಾವಕಾಶವಾಗಿ ಬಾಯಿ ಒರೆಸಿಕೊಂಡಳು.

"ಬಂತಪ್ಪ, ಮೊದಲ ತುತ್ತಿಗೇ ಬಂತು. ಪಾಪ, ಕೆಲಸ ಬೇರೆ ಕಳಕೊಂಡಿದಾಳೆ. ಅಡುಗೆನೂ ಕೆಟ್ಟಿದೆ ಅಂದ್ರೆ ಇನ್ನಷ್ಟು ನೊಂದ್ಕೋತಾಳೆ ಅಂತ ಸುಮ್ನೆ ನುಂಗಿದೆ."

ಮಗನ ಕಣ್ಣು ತುಂಬಿತು. "ಕೇಳಿಸ್ಕೊಂಡ್ಯಾ?" ಎಂದು ಹೆಂಡತಿಯತ್ತ ಹಲ್ಲು ಕಡಿದ. "ತಪ್ಪಾಯ್ತು ಅನ್ನು. ಈಗಲೇ ಅನ್ನು."

"ತಪ್ಪಾಯ್ತು," ಎಂದಳು ಸೊಸೆ.

"ಇರಲಿ ಬಿಡಮ್ಮ," ಎಂದು ಅತ್ತೆ ಅವಳ ತಲೆ ಸವರಿದಳು.

ಬೆಳಗಾಗುವಷ್ಟರಲ್ಲಿ ಅತ್ತೆಯ ಹೊಟ್ಟೆ ಕಿತ್ತುಕೊಂಡಿತ್ತು. ಮಗ ಬಚ್ಚಲಮನೆಯ ಬಾಗಿಲಿಗೆ ಕಿವಿಗೊಟ್ಟು, "ಅಮ್ಮಾ, ಡಾಕ್ಟರನ್ನ ಕರೀಲಾ?" ಎನ್ನುತ್ತಿದ್ದ. ಹೆಂಡತಿ ತನ್ನ ಬಟ್ಟೆ ತುಂಬಿದ ಚೀಲ ಹಿಡಿದು ಅವನ ಬೆನ್ನ ಹಿಂದೆಯೇ ಹಾದು ಹೊರಗೆ ಹೋದಳು. ಅವನು ತಿರುಗಿ ನೋಡಲಿಲ್ಲ.