ಒದ್ದೆ ಗೋಣಿಯೊಳಗಿನ ಸುರಸುರಬತ್ತಿ

ಕಾಗವಾಡದ ಲಗಮಣ್ಣನಿಗೆ ಸಿಟ್ಟು ಬಂದರೆ ಮೊದಲು ತಲೆಯ ಮೇಲಿನ ರುಮಾಲು ನೆಲಕ್ಕೆ ಬೀಳುತ್ತಿತ್ತು, ಮಾತು ಆಮೇಲೆ. ಊರವರು ರುಮಾಲು ನೋಡಿಯೇ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಹೆಂಡತಿ ಕೆಂಚವ್ವ ಮಾತ್ರ ಅದನ್ನು ಎತ್ತಿ, ಧೂಳು ಕೊಡವಿ, ಅವನ ಕೈಗೇ ಕೊಟ್ಟು, "ಇನ್ನೊಮ್ಮಿ ಒಗೀರಿ, ಸರಿ ಬೀಳಲಿಲ್ಲ" ಎನ್ನುತ್ತಿದ್ದಳು.

ಅವನದು ಒಂದಿಷ್ಟು ಕಬ್ಬು, ಬಾವಿಯ ಮಗ್ಗುಲಿಗೆ ಎಲೆಬಳ್ಳಿಯ ತೋಟ. ವಾರಕ್ಕೊಮ್ಮೆ ವೀಳ್ಯದೆಲೆ ಬುಟ್ಟಿಗೆ ತುಂಬಿ, ಮೇಲೆ ಒದ್ದೆ ಗೋಣಿ ಹೊದಿಸಿ ಮಿರಜಿನ ಪೇಟೆಗೆ ಒಯ್ಯುವನು. ಒದ್ದೆ ಗೋಣಿಯ ಮೇಲೆ ಅವನಿಗೆ ದೇವರ ಮೇಲಿನಷ್ಟೇ ನಂಬಿಕೆ. ಬಿಸಿಲಿಗೆ ಎಲೆ ಬಾಡಬಾರದು, ಒದ್ದೆ ಗೋಣಿ. ಮೊಸರು ಹುಳಿಯಾಗಬಾರದು, ಒದ್ದೆ ಗೋಣಿ. ಎತ್ತಿಗೆ ಝಳ ಹೊಡೆದರೂ ಅದರ ಬೆನ್ನ ಮೇಲೆ ಅದೇ.

ಎಂಬತ್ತೆಂಟರ ವೈಶಾಖದಲ್ಲಿ ಅವನ ಅಕ್ಕ ಗೌರಾಬಾಯಿಯ ಮಗಳು ಚಂದ್ರಮತಿಯ ಲಗ್ನ ಗೊತ್ತಾಯಿತು. ಅಕ್ಕನ ಮನೆ ಜುಗೂಳದಲ್ಲಿ, ಕೃಷ್ಣೆಯ ದಂಡೆಗೆ. ಗಂಡಿನವರು ಆಚೆ ದಂಡೆಯವರು, ಮಹಾರಾಷ್ಟ್ರದವರು. ಬೇರೆ ಊರುಗಳಲ್ಲಿ ಬೀಗರನ್ನು ಸೀಮೆಯ ಕಲ್ಲಿನ ಹತ್ತಿರ ಎದುರುಗೊಂಡರೆ ಇಲ್ಲಿ ಹೊಳೆಯೇ ಸೀಮೆ. ನಾವೆ ದಂಡೆಗೆ ಹತ್ತುವಾಗ ಹುಡುಗಿಯ ಸೋದರಮಾವ ಬೆಳಕು ಹಿಡಿದು ನಿಲ್ಲಬೇಕು. ಬೆಳಕು ಕಾಣದೆ ಬೀಗರು ನಾವೆಯಿಂದ ಕಾಲಿಳಿಸುವುದಿಲ್ಲ.

ಸಾಕರಪುಡೆಯ, ಅಂದರೆ ಲಗ್ನ ನಿಶ್ಚಯದ ದಿನ ಹುಡುಗನ ದೊಡ್ಡಪ್ಪ ಅಣ್ಣಾಸಾಬ ಮೀಸೆಯಲ್ಲೇ ನಗುತ್ತ ಕೇಳಿದ್ದ: "ನಿಮ್ಮ ಕಡೆ ದಿನಾ ಲೈಟ್ ಹೋಗತಾವಂತ. ನಮಗ ದಂಡಿ ಕಾಣತೈತೋ, ಹೊಳ್ಯಾಗ ಬಿದ್ದು ಈಸಿ ಬರೂದೋ?"

ಎಲ್ಲರೂ ನಕ್ಕರು. ಚಂದ್ರಮತಿಯ ಮುಖ ಸಣ್ಣದಾದದ್ದು ಲಗಮಣ್ಣನ ಕಣ್ಣಿಗೆ ಬಿತ್ತು. "ಈಸೂದು ಬ್ಯಾಡ್ರಿ. ಹಿಲಾಲು, ಕಂದೀಲು ಎಲ್ಲಾರೂ ಹಿಡೀತಾರ. ನಾ ಇಡೀ ದಂಡಿಗೆ ಸುರಸುರಬತ್ತಿ ಹಚ್ಚಿಸ್ತೇನಿ. ಕಣ್ಣ ಮುಚ್ಚಿ ಇಳೀಬೇಕು ನೀವು!" ಅಂದುಬಿಟ್ಟ. ಹುಡುಗಿ ತಲೆ ಎತ್ತಿ ಮಾಮನನ್ನು ನೋಡಿದಳು. ಆ ನೋಟಕ್ಕೆ ಅವನು ಕಟ್ಟುಬಿದ್ದ.

ಸುರಸುರಬತ್ತಿ ಎಂದರೆ ಉಪ್ಪು, ಕಡ್ಡಿಪೆಟ್ಟಿಗೆ ಇದ್ದ ಹಾಗೆ, ಯಾವ ಅಂಗಡಿಗೆ ಹೋದರೂ ಸಿಗುತ್ತದೆ ಎಂದು ಅವನು ತಿಳಿದಿದ್ದ. ನಿಪ್ಪಾಣಿಯಲ್ಲಿ ಇಲ್ಲವೆಂದರು. ಚಿಕ್ಕೋಡಿಯ ಅಂಗಡಿಕಾರ ರಾಜಾರಾಮ ಕೈಮುಗಿದೇಬಿಟ್ಟ.

"ದೀಪಾವಳಿಗಷ್ಟ ನಮಗ ಪರವಾನಗಿ ಕೊಡತಾರ್ರಿ. ಹಬ್ಬ ಮುಗೀತು, ಪರವಾನಗಿನೂ ಮುಗೀತು. ಈಗ ಮಾರಿದ್ರ ನನ್ನ ಒಳಗ ಹಾಕತಾರ."

"ಹಂಗಾರ ನಮ್ಮ ಹುಡುಗಿ ಲಗ್ನಾ ದೀಪಾವಳಿತನಾ ನಿಲ್ಲಸೂಣೇನು? ಸುರಸುರಬತ್ತಿ ಏನ ತೋಪೇನಲೇ?" ರುಮಾಲು ಅಂಗಡಿಯ ಕಟ್ಟೆಗೆ ಬಿತ್ತು.

"ನನ್ನ ಮ್ಯಾಲ ಸಿಟ್ಟಾದ್ರ ಕಾಯದೆ ಬದಲ ಆಕ್ಕೈತೇನ್ರಿ? ಮಿರಜಿಗೆ ಹೋಗ್ರಿ. ಊರ ಹೊರಗ ಕಾಯಂ ಪರವಾನಗಿ ಇದ್ದಾಂವ ಒಬ್ಬಾಂವ ಅದಾನ."

ಹೀಗೆ ಅಲೆದಾಡುವುದರಲ್ಲೇ ದಿನ ಸರಿದು, ಮಿರಜಿನಲ್ಲಿ ಅವನ ಕೈಗೆ ಮಾಲು ಸಿಕ್ಕಾಗ ಲಗ್ನದ ದಿನವೇ ಬೆಳಗಾಗಿತ್ತು. ದೊಡ್ಡ ರಟ್ಟಿನ ಪೆಟ್ಟಿಗೆಯ ತುಂಬ ಸುರಸುರಬತ್ತಿ. ಅಂಗಡಿಯವನು ಬಸ್ಸಿನಲ್ಲಿ ಒಯ್ಯಬೇಡವೆಂದ. ಲಗಮಣ್ಣ ಕೇಳಿಸಿಕೊಂಡ, ಒಳಗೆ ಇಳಿಸಿಕೊಳ್ಳಲಿಲ್ಲ.

ಬಸ್ಸಿನ ಬಾಗಿಲಲ್ಲೇ ಕಂಡಕ್ಟರ್ ಪೆಟ್ಟಿಗೆ ತಟ್ಟಿ ಕೇಳಿದ. ಸುಳ್ಳು ಹೇಳುವುದು ಲಗಮಣ್ಣನಿಗೆ ಬರುತ್ತಿರಲಿಲ್ಲ. ಲಗ್ನದ ಸುರಸುರಬತ್ತಿ ಎಂದು ಹೇಳಿದ.

"ಇಳೀರಿ ಮಾಮಾ. ಪಟಾಕಿ ಸಾಮಾನ ಬಸ್ಸಿನಾಗ ಒಯ್ಯಾಕ ಕಾಯದೆ ಇಲ್ಲ."

"ಇದು ಹಾರೂದಿಲ್ಲ, ಢಂ ಅನ್ನೂದಿಲ್ಲ. ಸಣ್ಣ ಕೂಸು ಹಿಡಿಯೂದಿದು!"

"ನಿಮ್ಮ ಮನಿ ಲಗ್ನಕ್ಕ ಇಷ್ಟ ಮಂದಿ ಸುಟಗೊಂಡ ಬರಬೇಕೇನು? ಈ ಬಿಸಲಾಗ ಕಿಡಿ ಬ್ಯಾರೆ ಬೇಕಾಗೂದಿಲ್ಲ. ಇಳೀರಿ!"

ರುಮಾಲು ಕೆಳಗೆ, ಲಗಮಣ್ಣನೂ ಕೆಳಗೆ. ಬಸ್ಸು ಧೂಳೆಬ್ಬಿಸಿ ಹೋಯಿತು. ಕಂಡಕ್ಟರನ ಏಳು ತಲೆಮಾರಿಗೂ ಬೈದು ಮುಗಿಸುವಷ್ಟರಲ್ಲಿ ಜುಗೂಳದ ಕುರಿಗಾರ ಭರಮು ಚಕ್ಕಡಿ ಹೊಡೆದುಕೊಂಡು ಬಂದ. ಉಣ್ಣೆ ಮಾರಿ, ಎತ್ತಿನ ಮೇವಿಗೆ ಜೋಳದ ಒಣ ಕಣಿಕೆ ಹೇರಿಕೊಂಡು ಊರಿಗೆ ಹೊರಟಿದ್ದ. ಲಗಮಣ್ಣ ಪೆಟ್ಟಿಗೆಯನ್ನು ಕಣಿಕೆಯ ಮೇಲೇರಿಸಿ ಕುಳಿತ. ಅರ್ಧ ಹರದಾರಿ ಹೋಗಿರಲಿಲ್ಲ, ಭರಮು ಬೀಡಿ ಹಚ್ಚಿದ.

"ಏ ಆರಸಲೇ! ಹಿಂದ ಏನೈತಿ ಗೊತ್ತೈತೇನು? ಇದನ್ನೆಲ್ಲ ಹಿಡಕೊಂಡ ಕಿಡಿ ಹಾರಸಾಕ ಕಾಯದೆ ಇಲ್ಲ!"

"ಯಾವ ಕಾಯದೆಲೇ ಮಾವಾ? ಈಗಷ್ಟ ಬಸ್ಸಿನಂವ ಹೇಳಿದ ಅದ ಕಾಯದೆದ ಮಾರಿಮ್ಯಾಲ ಉಗಳಾಕತ್ತಿದ್ದಿ."

ಲಗಮಣ್ಣ ಅವನ ಬಾಯಿಂದ ಬೀಡಿ ಕಿತ್ತೊಗೆದ. ಆದರೆ ಕಂಡಕ್ಟರನ ಮಾತು ತಲೆಯಲ್ಲಿ ಹೊಕ್ಕುಬಿಟ್ಟಿತ್ತು. ಬಿಸಿಲೋ ಬಿಸಿಲು. ಕೈಯಿಟ್ಟರೆ ಪೆಟ್ಟಿಗೆ ಬೆಚ್ಚಗೆ. ತಾನಾಗಿಯೇ ಹೊತ್ತಿಕೊಂಡರೆ ಕಣಿಕೆ, ಚಕ್ಕಡಿ, ಎತ್ತು, ಭರಮು, ತಾನು, ಎಲ್ಲ ಬೂದಿ. ಹಳ್ಳದ ಹತ್ತಿರ ಚಕ್ಕಡಿ ನಿಲ್ಲಿಸಿ, ಭರಮುವಿನ ಗೋಣಿಚೀಲ ತೋಯಿಸಿ ತಂದು ಪೆಟ್ಟಿಗೆಯ ಮೇಲೆ ಹೊದಿಸಿದ. ಒಣಗಿತೆಂದು ದಾರಿಯಲ್ಲಿ ಮತ್ತೆ ಮತ್ತೆ ತೋಯಿಸಿದ. "ಈಗ ಹತ್ತಲಿ ನೋಡೂಣು" ಎಂದು ನಿಶ್ಚಿಂತೆಯಿಂದ ತೂಕಡಿಸಿದ.

ಜುಗೂಳದಲ್ಲಿ ಮಧ್ಯಾಹ್ನದ ಊಟದ ಪಂಕ್ತಿ ಏಳುವ ಹೊತ್ತಿಗೆ ಚಕ್ಕಡಿ ಮುಟ್ಟಿತು. ಗೌರಾಬಾಯಿ ಓಡಿಬಂದು ಪೆಟ್ಟಿಗೆಗೆ ಕೈ ಹಾಕಿದಳು. ರಟ್ಟು ಅಂಬಲಿಯಂತೆ ಕೈಗೆ ಬಂತು. ಒಳಗಿನ ಬತ್ತಿಗಳಿಂದ ಬೂದಿಬಣ್ಣದ ನೀರು ತೊಟ್ಟಿಕ್ಕಿತು.

"ತಮ್ಮಾ, ಇವು ಸುರಸುರಬತ್ತಿನೋ, ವೀಳ್ಯದೆಲಿನೋ?"

ಲಗಮಣ್ಣ ಕುಸಿದು ಕುಳಿತ. ಬೈಯಲು ಎದುರಿಗೆ ಯಾರೂ ಇರಲಿಲ್ಲ. ಬೈಯಬೇಕಾದವನು ತಾನೇ. ಅರಿಷಿಣ ಮೈಯ ಚಂದ್ರಮತಿ ಬಾಗಿಲಿಗೆ ಬಂದು, "ಇರ್ಲಿ ಮಾಮಾ, ಹಿಲಾಲ ಹಿಡದ್ರೂ ಆಕ್ಕೈತಿ" ಅಂದಳು. ಅವಳು ಸಿಟ್ಟಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಕೆಂಚವ್ವ ಸೆರಗು ಸಿಕ್ಕಿಸಿದಳು. "ಕುಂತ್ರ ಒಣಗತಾವೇನು? ಹೊಳಿ ಉಸುಕಿನ ಮ್ಯಾಲ ಕಾಲ ಇಟ್ಟ ನೋಡ್ರಿ, ಹಪ್ಪಳಾ ಸುಡತಾವ. ಏಳ್ರಿ!"

ಲಗ್ನದ ಮನೆಯ ಹೆಂಗಸರೆಲ್ಲ ಬುಟ್ಟಿ ಹಿಡಿದು ಹೊಳೆಗೆ ನಡೆದರು. ಬಿಳಿ ಉಸುಕಿನ ಮೇಲೆ ಸೀರೆ ಹಾಸಿ, ಸಂಡಿಗೆ ಹರವಿದ ಹಾಗೆ ಬತ್ತಿ ಹರವಿದರು. ಲಗಮಣ್ಣ ಕಾಲು ಸುಟ್ಟುಕೊಳ್ಳುತ್ತ ಒಂದೊಂದನ್ನೇ ಹೊರಳಿಸುತ್ತ ಹೊತ್ತು ಮುಳುಗುವವರೆಗೂ ಅಲ್ಲೇ ಕುಕ್ಕರಗಾಲಲ್ಲಿ ಕುಳಿತ. ಹಲವು ಬತ್ತಿಗಳ ಮದ್ದು ಉದುರಿ ಬರೀ ತಂತಿ ಉಳಿಯಿತು. ಲಗ್ನಕ್ಕೆ ಬಂದಿದ್ದ ಹುಡುಗನೊಬ್ಬ ಒಂದನ್ನು ಹಂದರದೊಳಗೆ ಒಯ್ದು ಹಚ್ಚಿ ನೋಡೋಣವೆಂದ. "ಕಬ್ಬಿನ ಒಣ ರವದಿ ಹಂದರದಾಗ ಕಡ್ಡಿ ಕೊರದ್ರ ಕೈ ಮುರೀತೇನಿ!" ಎಂದು ಲಗಮಣ್ಣ ಕುಳಿತಲ್ಲಿಂದಲೇ ಗುಡುಗಿದ.

ಕತ್ತಲಾಯಿತು. ಅಂದುಕೊಂಡಂತೆ ಲೈಟು ಹೋಯಿತು. ಆಚೆ ದಂಡೆಯಿಂದ ಹಲಗೆ ಬಾರಿಸುವ ಸದ್ದು, ನಾವೆ ಹೊರಟಿತು. ಲಗಮಣ್ಣ ಕಡ್ಡಿ ಕೊರೆದು ಒಂದು ಬತ್ತಿಗೆ ಹಿಡಿದ. ಹೊಗೆಯಷ್ಟೇ. ಇನ್ನೊಂದು, ಚುಂಯ್ ಎಂದು ಸತ್ತಿತು. ನಾವೆ ನಡುಹೊಳೆಗೆ ಬಂದಿತ್ತು. "ಹಿಲಾಲ ಹಚ್ಚೂಣೇನೋ?" ಎಂದು ಅಕ್ಕ ಹಿಲಾಲಿಗೆ ಕೈ ಹಾಕಿದಳು. ಅವನು ಮತ್ತೊಂದಕ್ಕೆ ಕಡ್ಡಿ ಹಿಡಿದ. ಅದು ಯೋಚಿಸಿತು, ಕೆಮ್ಮಿತು, ಚಟಚಟನೆ ಬಿಳಿಯ ಹೂ ಬಿಟ್ಟಿತು.

"ತಗೋರೆವ್ವಾ, ಇದರಿಂದ ಹಚ್ಕೋರಿ, ಬ್ಯಾಗ ಬ್ಯಾಗ!"

ಕೆಂಚವ್ವನ ಕೈಗೆ, ಅಲ್ಲಿಂದ ಗೌರಾಬಾಯಿಗೆ, ಅಲ್ಲಿಂದ ಸಾಲಿಗೆ. ಹತ್ತಿದವು ಹತ್ತಿದವು, ಹತ್ತದವನ್ನು ಒಗೆದರು. ದಂಡೆಯ ಉದ್ದಕ್ಕೂ ಕಿಡಿ ಸುರಿಯಿತು, ನೀರಿನೊಳಗೆ ಇನ್ನೊಂದು ಸಾಲು ತಲೆಕೆಳಗಾಗಿ ಹೊತ್ತಿತು. ನಾವೆ ನಿಂತೇಬಿಟ್ಟಿತು.

"ಏನಾತ್ರೀ ಬೀಗ್ರ?" ಎಂದು ಲಗಮಣ್ಣ ಕೂಗಿದ.

ನಡುಹೊಳೆಯಿಂದ ಅಣ್ಣಾಸಾಬನ ದನಿ ಬಂತು: "ಅಂಬಿಗನ ಕೈಯಾಗಿನ ಗಳಾ ನಿಂತೈತ್ರಿ! ನೋಡಾಕತ್ತಾನ! ನಾವೂ ನೋಡಾಕತ್ತೇವಿ!"

"ನೋಡೂದ ಆಮ್ಯಾಲ ಆತು, ಮೊದಲ ಬಂದ ಇಳೀರಿ! ಬತ್ತಿ ತೀರಾಕತ್ತಾವ!"

ದಂಡೆಯೆಲ್ಲ ನಕ್ಕಿತು. ಮದುಮಗಳು ಹೊರಗೆ ಬರಬಾರದೆಂದ ಯಾರ ಮಾತೂ ಕೇಳದೆ ಚಂದ್ರಮತಿ ಹೊಳೆಯ ಮೆಟ್ಟಿಲಿಳಿದು ಬಂದು, ಮಾಮನ ಕೈಯ ಬತ್ತಿ ಆರುವ ಮುಂಚೆಯೇ ತನ್ನದನ್ನು ಅದಕ್ಕೆ ತಾಗಿಸಿದಳು.