ಪಾಪ್ಪಚ್ಚನ್ ಎಳೆದ ಎರಡನೇ ತಂತಿ

ಕುನ್ನುಂಪುರದಲ್ಲಿ ಕೇಬಲ್ ಪಾಪ್ಪಚ್ಚನ್ ಅಂದರೆ ಗೊತ್ತಿಲ್ಲದವರಿಲ್ಲ. ಇಗರ್ಜಿಗೆ ಪಾದ್ರಿಗಳು ಬಂದರು, ಹೋದರು. ಪಂಚಾಯಿತಿ ಮೆಂಬರುಗಳು ಗೆದ್ದರು, ಸೋತರು. ಕೇಬಲ್ಲಿಗೆ ಮಾತ್ರ ಪಾಪ್ಪಚ್ಚನ್ ಒಬ್ಬನೇ. ಪಾಲಾ ಪಟ್ಟಣದಾಚೆಯ ಈ ರಬ್ಬರ್ ಗುಡ್ಡಗಳಿಗೆ ಮೊದಲು ಡಿಶ್ ತಂದವನು ಅವನು. ಫುಟ್‌ಬಾಲ್ ವಿಶ್ವಕಪ್ ನಡೆದ ವರ್ಷ ಅವನ ಅಂಗಳದಲ್ಲಿ ಬ್ರೆಜಿಲ್‌ನ ಕಡೆಯವರು ಒಂದು ಬದಿ, ಅರ್ಜೆಂಟೀನಾದ ಕಡೆಯವರು ಇನ್ನೊಂದು ಬದಿ ಕೂತು ಗಂಟಲು ಹರಿದುಕೊಳ್ಳುತ್ತಿದ್ದರೆ, ಟೀವಿಯ ಪಕ್ಕ ಮುಂಡು ಎತ್ತಿ ಕಟ್ಟಿ ನಿಂತಿದ್ದ ಪಾಪ್ಪಚ್ಚನ್‌ಗೆ ಗೋಲು ಹೊಡೆದವನಿಗಿಂತ ಹೆಚ್ಚು ಗತ್ತು. ಮಳೆ ಇರಲಿ, ಸಿಡಿಲಿರಲಿ, "ಪಾಪ್ಪಚ್ಚಾ, ಚಿತ್ರ ಬರ್ತಿಲ್ಲ" ಅಂತ ಒಂದು ಫೋನು ಬಂದರೆ ಸಾಕು, ಹೆಗಲಿಗೆ ಏಣಿ ಏರುತ್ತಿತ್ತು. ಆ ಕರೆಯೇ ಅವನಿಗೆ ಸಂಬಳ, ಬಿರುದು, ಎಲ್ಲ.

ಆಮೇಲೆ ಜನ ಟೀವಿ ಬಿಟ್ಟು ನೆಟ್ ಕೇಳತೊಡಗಿದರು. ಮನೆಗೊಬ್ಬರಂತೆ ಕೊಲ್ಲಿ ದೇಶದಲ್ಲೋ ಐರ್ಲೆಂಡಿನಲ್ಲೋ ಇರುವ ಊರು. ಮುಖ ನೋಡದೆ ಯಾರಿಗೂ ಗಂಜಿ ಇಳಿಯದು. ಕೇಬಲ್‌ನವರೆಲ್ಲ ನೆಟ್‌ನವರಾಗಬೇಕಾಯಿತು. ಆಪರೇಟರುಗಳ ಸಂಘ ಪಾಲಾದಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಒಂದು ತರಗತಿ ಶುರುಮಾಡಿತು. ನೆಟ್‌ವರ್ಕ್ ಅಂದರೇನು, ಅ ಆ ಇ ಈ ಇಂದ. ಕಂಬ ಹತ್ತುವವರ ಜೊತೆಗೆ ದೂರು ಕೇಳಿಸಿಕೊಳ್ಳುವವರೂ ಬರಬೇಕೆಂದು ಸಂಘದ ಅಪ್ಪಣೆ. ಪಾಪ್ಪಚ್ಚನ್‌ನ ಮನೆಯಲ್ಲಿ ಅವನು ಕಂಬದ ಮೇಲಿದ್ದಾಗ ದೂರು ಕೇಳಿಸಿಕೊಳ್ಳುತ್ತಿದ್ದವಳು ಹೆಂಡತಿ ಎಲ್ಸಮ್ಮ.

"ನೀನು ಬಂದು ಏನು ಕಡಿದು ಹಾಕ್ತೀಯೆ ಅಲ್ಲಿ? ಹಿಂದೆ ಕೂತು ಜಪಮಾಲೆ ಎಣಿಸ್ತೀಯಾ?" ಅಂದ ಪಾಪ್ಪಚ್ಚನ್.

"ಪರಿಪ್ಪುವಡೆ, ಚಹಾ ಕೊಡ್ತಾರಂತೆ ಇಚ್ಚಾಯಾ. ಅಷ್ಟಕ್ಕಾದ್ರೂ ಬರ್ತೀನಿ ಬಿಡಿ." ಗಂಡನನ್ನು ಎಲ್ಸಮ್ಮ ಕರೆಯುವುದು ಇಚ್ಚಾಯ ಎಂದೇ.

ಪಾಠ ಹೇಳುವವಳು ಹಸೀನ ಟೀಚರ್, ಇನ್ನೂ ಚಿಕ್ಕ ವಯಸ್ಸಿನವಳು. ನೆಟ್‌ನಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ಮನೆ ನಂಬರಿನ ಹಾಗೆ ಒಂದು ವಿಳಾಸ ಇರುತ್ತದೆ, ಮಾತು ತುಂಡು ತುಂಡಾಗಿ ಆ ವಿಳಾಸ ಹುಡುಕಿಕೊಂಡು ಹೋಗುತ್ತದೆ ಎಂದಳು. ಎರಡು ಯಂತ್ರಕ್ಕೆ ಒಂದೇ ವಿಳಾಸ ಬಿದ್ದರೆ ಏನಾಗುತ್ತದೆ ಎಂದು ಕೇಳಿದಳು. ಹಿಂದಿನ ಸಾಲಿನಿಂದ ಎಲ್ಸಮ್ಮ ಎದ್ದಳು.

"ನಮ್ಮ ವಾರ್ಡಲ್ಲಿ ಹೀಗೇ ಆಗಿತ್ತು ಟೀಚರ್. ಅಣ್ಣ ತಮ್ಮ ಮನೆ ಪಾಲು ಮಾಡ್ಕೊಂಡು ಇಬ್ರೂ ಹಳೇ ನಂಬರೇ ಇಟ್ಕೊಂಡ್ರು. ತಮ್ಮನ ಮಗಳಿಗೆ ಸಂಬಂಧ ಕೇಳಿ ಬಂದ ಕಾಗದ ಅಣ್ಣನ ಮನೆ ಸೇರ್ತು."

"ಆಮೇಲೆ?"

"ಅಣ್ಣನ ಮಗಳ ಮದುವೆ ಆಯ್ತು."

ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಟೀಚರ್ ಕಣ್ಣೊರೆಸಿಕೊಂಡು, "ಇದಕ್ಕಿಂತ ಚೆನ್ನಾಗಿ ನಂಗೂ ಹೇಳೋಕೆ ಬರಲ್ಲ" ಅಂದಳು. ಪಾಪ್ಪಚ್ಚನ್ ಒಬ್ಬ ನಗಲಿಲ್ಲ. ಆ ಕಾಗದದ ಕಥೆ ಅವನಿಗೂ ಗೊತ್ತಿತ್ತು, ನೂರು ಸಲ ಚಹಾದಂಗಡಿಯಲ್ಲಿ ಹೇಳಿ ನಗಿಸಿದ್ದ. ಅದನ್ನು ಇಲ್ಲಿ ತಂದು ಇಡಬಹುದೆಂದು ತನಗೇಕೆ ಹೊಳೆಯಲಿಲ್ಲ ಅನ್ನುವುದೇ ಅವನ ಸಂಕಟ.

ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿ. ಮುಚ್ಚಿಡುವುದೇನು, ಅದು ಶುದ್ಧ ಹೊಟ್ಟೆಕಿಚ್ಚೇ. ಇನ್ನೊಬ್ಬ ಆಪರೇಟರನ ಮೇಲಾಗಿದ್ದರೆ ಎರಡು ಪೆಗ್ ಹಾಕಿ ಬೈದು ಹಗುರಾಗಬಹುದಿತ್ತು. ಒಂದೇ ಹಾಸಿಗೆಯಲ್ಲಿ ಮಲಗುವವಳ ಮೇಲೆ ಹೊಟ್ಟೆ ಉರಿದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಅವಳು ಮರಗೆಣಸು ಸುಲಿಯುತ್ತ ಟೀಚರ್ ಹೇಳಿದ್ದನ್ನು ತನ್ನಷ್ಟಕ್ಕೆ ಗೊಣಗಿಕೊಂಡರೆ ಅವನಿಗೆ ಉರಿ. ಗಿರಾಕಿಗಳ ಕರೆ ಬಂದಾಗ, "ಆ ಪೆಟ್ಟಿಗೆ ಹಿಂದೆ ನೀಲಿ ಕಿಂಡಿ ಇದೆಯಲ್ಲ ಮಗಳೇ, ತಂತಿ ಅದಕ್ಕೆ ಹಾಕು. ಹಳದೀದಕ್ಕೆ ಹಾಕಿದ್ರೆ ಬರಲ್ಲ" ಎಂದು ಕೂತಲ್ಲೇ ಹೇಳಿ ಸರಿಮಾಡಿದರೆ ಇನ್ನೂ ಉರಿ. ಏಣಿ ಇಲ್ಲ, ಬೆವರಿಲ್ಲ, ಇದೂ ಒಂದು ಕೆಲಸವೇ? ಬರಬರುತ್ತ ಫೋನು ಅವನೇ ಎತ್ತಿದರೂ ಆ ಕಡೆಯವರು, "ಎಲ್ಸಮ್ಮ ಚೇಚಿ ಇದಾರಾ? ಫೋನು ಅವರ ಕೈಗೆ ಕೊಡಿ" ಅನ್ನತೊಡಗಿದರು.

"ಯಾಕೆ, ನನ್ನ ಕಿವಿಗೆ ಏನಾಗಿದೆ?" ಅಂತ ಒಬ್ಬನ ಮೇಲೆ ರೇಗಿದ.

"ಅಲ್ಲ ಪಾಪ್ಪಚ್ಚನ್ ಚೇಟಾ, ನೀವು ಬಂದು ಕಂಬ ನೋಡ್ತೀರ. ಅವರಾದ್ರೆ ಏನಾಗಿದೆ ಅಂತ ಹೇಳ್ತಾರೆ."

ಚಹಾದಂಗಡಿಯ ಮಾತ್ತನ್ ಬಿಡುತ್ತಾನೆಯೇ? "ಇನ್ನು ನೀನು ಕೆಳಗೆ ಏಣಿ ಹಿಡ್ಕೊಂಡು ನಿಂತ್ಕೋ. ಅವಳು ಹತ್ತಲಿ" ಅಂದ. ಪಾಪ್ಪಚ್ಚನ್ ಅರ್ಧ ಕುಡಿದ, ಹಾಲಿಲ್ಲದ ಕಟ್ಟನ್ ಚಹಾ ಅಲ್ಲೇ ಇಟ್ಟು ಎದ್ದುಬಂದ.

ಮುಂದೊಂದು ಭಾನುವಾರ ಟೀಚರ್ ಎಲ್ಸಮ್ಮನನ್ನು ಕರೆದು ಕೈಗೆ ಸೀಮೆಸುಣ್ಣ ಕೊಟ್ಟು, "ನಿಮ್ಮ ಊರಿನ ನೆಟ್‌ವರ್ಕ್ ಬರೀರಿ ಚೇಚಿ" ಅಂದಳು. ಅವಳು ಸೆರಗು ಸಿಕ್ಕಿಸಿಕೊಂಡು ಹಲಗೆಯ ಮೇಲೆ ಜಂಕ್ಷನ್ನಿನ ಕಂಬ, ಇಗರ್ಜಿ, ಶಾಲೆ, ಒಂದೊಂದೇ ಬರೆದಳು. ಅವಳು ಬರೆದ ಒಂದೊಂದು ಗೆರೆಯೂ ಪಾಪ್ಪಚ್ಚನ್ ಕಂಬ ಹತ್ತಿ ಎಳೆದ ತಂತಿ. ತಾನು ಎಳೆದದ್ದು, ಚಪ್ಪಾಳೆ ಅವಳಿಗೆ! ತಡೆಯಲಾರದೆ ಎದ್ದು ಹೊರಗೆ ಹೋಗಿ ಚಹಾ ಕುಡಿದ. ಬೇಕೆಂದೇ ಇನ್ನೊಂದು ಕುಡಿದ.

ಒಳಗೆ ಅಷ್ಟು ಹೊತ್ತಿಗೆ ನಡೆದದ್ದು ಆ ತರಗತಿಯ ಮುಖ್ಯ ಪಾಠ. "ನೀವು ಕೇಬಲ್‌ನವರಿಗೆ ಒಂದು ಚಟ ಇದೆ" ಅಂದಳು ಟೀಚರ್. "ಚಿತ್ರ ಮಂಕಾದ್ರೆ ಇನ್ನೊಂದು ಕಡೆಯಿಂದ ಇನ್ನೊಂದು ತಂತಿ ತಂದು ಕೊಡ್ತೀರ. ನೆಟ್ ಹಂಚೋ ಈ ಸಣ್ಣ ಪೆಟ್ಟಿಗೆಗಳಲ್ಲಿ ಹಾಗೆ ಮಾಡಿದ್ರೆ ಸತ್ತಿರಿ." ಯಾರ ವಿಳಾಸ ಎಲ್ಲಿದೆ ಎಂದು ಗೊತ್ತಾಗದಿದ್ದಾಗ ಪೆಟ್ಟಿಗೆ ಎಲ್ಲ ತಂತಿಗಳಿಗೂ ಕೂಗಿ ಕೇಳುತ್ತದೆ. ಎರಡು ಪೆಟ್ಟಿಗೆಗಳ ನಡುವೆ ಎರಡು ತಂತಿ ಇದ್ದರೆ ಆ ಕೂಗು ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಮರಳಿ ಬರುತ್ತದೆ. ಅದು ಆಗಲೇ ಕೂಗಿದ್ದೆಂದು ಪೆಟ್ಟಿಗೆಗೆ ತಿಳಿಯದು; ಹೊಸದೆಂದು ಮತ್ತೆ ಕೂಗುತ್ತದೆ. ಹೀಗೆ ಒಂದೇ ಕೂಗು ಸುತ್ತಿ ಸುತ್ತಿ ದಾರಿಯೆಲ್ಲ ತುಂಬಿ, ಬೇರೆಯವರ ಮಾತಿಗೆ ಜಾಗವೇ ಉಳಿಯುವುದಿಲ್ಲ. ದೀಪಗಳು ಮಾತ್ರ ಜೋರಾಗಿ ಮಿನುಗುತ್ತವೆ.

ಬಸ್ಸಿನಲ್ಲಿ ಎಲ್ಸಮ್ಮ ಹೇಳಲು ನೋಡಿದಳು. "ಇವತ್ತು ಮುಖ್ಯವಾದ್ದು ಹೇಳಿಕೊಟ್ರು ಇಚ್ಚಾಯಾ. ಕೇಳಿ ಇಲ್ಲಿ..."

"ನಂಗೆ ಪಾಠ ಹೇಳೋಕೆ ಬರಬೇಡ ಕಣೇ. ನಾನು ಕಂಬ ಹತ್ತೋಕೆ ಶುರುಮಾಡಿದಾಗ ನೀನಿನ್ನೂ ಲಂಗ ಹಾಕ್ಕೊಂಡು ಓಡಾಡ್ತಿದ್ದೆ."

ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

ಅದೇ ತಿಂಗಳು ಮರಿಯಕುಟ್ಟಿ ಅಮ್ಮಚ್ಚಿ ತೀರಿಕೊಂಡರು. ಪಾಪ್ಪಚ್ಚನ್‌ನ ಬಾಲ್ಯದ ಗೆಳೆಯ ಜೋಯಿಚ್ಚನ್‌ನ ತಾಯಿ. ಶಾಲೆ ಬಿಟ್ಟ ಕೂಡಲೆ ಇಬ್ಬರೂ ನುಗ್ಗುತ್ತಿದ್ದದ್ದು ಅವರ ಅಡುಗೆಮನೆಗೆ. ಮೀನುಸಾರಿನ ಮಡಕೆಗೆ ಗಂಜಿ ಸುರಿದು ಇಬ್ಬರಿಗೂ ಒಂದೇ ಕೈಯಿಂದ ಬಡಿಸಿದ ಹೆಂಗಸು. ಜೋಯಿಚ್ಚನ್ ಕುವೈತಿನಲ್ಲಿದ್ದ, ಪಾಸ್‌ಪೋರ್ಟು ಕಂಪನಿಯವರ ಕೈಯಲ್ಲಿತ್ತು, ಬರುವ ದಾರಿಯೇ ಇರಲಿಲ್ಲ. ಅವನು ಫೋನು ಮಾಡಿದ್ದು ಪಾಪ್ಪಚ್ಚನ್‌ಗೇ.

"ಪಾಪ್ಪಚ್ಚಾ, ಇಗರ್ಜಿಯಿಂದ ನಂಗೆ ಎಲ್ಲ ತೋರಿಸ್ಬೇಕು ಕಣೋ. ಮುಖ ಮುಚ್ಚೋ ಮುಂಚೆ ಎಲ್ರೂ ಕೊನೇ ಮುತ್ತು ಕೊಡ್ತಾರಲ್ಲ, ಆಗ ನನ್ನ ಹೆಸರಲ್ಲಿ ಒಂದು ನೀನು ಕೊಡು. ಕ್ಯಾಮೆರಾ ಎದುರಿಗೇ ಕೊಡು. ನಾನು ನೋಡ್ಬೇಕು."

"ನೋಡ್ತೀಯ. ಕೊನೇ ಹಿಡಿ ಮಣ್ಣಿನ ತನಕ ನೋಡ್ತೀಯ. ನಾನಿದೀನಲ್ಲೋ."

ಫೋನು ಇಟ್ಟು ಪಾಪ್ಪಚ್ಚನ್ ಅತ್ತ. ಆ ಅಳುವಿನ ಅಡಿಯಲ್ಲೇ ಸಣ್ಣದೊಂದು ಖುಷಿಯೂ ಇತ್ತು, ಹೇಳಿದರೆ ನಾಚಿಕೆಗೇಡು. ಜೋಯಿಚ್ಚನ್ ಫೋನು ಹೆಂಡತಿಯ ಕೈಗೆ ಕೊಡು ಅನ್ನಲಿಲ್ಲ.

ಜಂಕ್ಷನ್ನಿನ ಕಂಬದ ಪೆಟ್ಟಿಗೆಯಿಂದ ಇಗರ್ಜಿಯ ಪಕ್ಕದ ಕೋಣೆಗೆ ತಂತಿ ಎಳೆದು, ಅಲ್ಲಿ ಇನ್ನೊಂದು ಪೆಟ್ಟಿಗೆ ಇಟ್ಟು, ಅದರಿಂದ ಕ್ಯಾಮೆರಾದ ಕಂಪ್ಯೂಟರಿಗೆ ಕೊಟ್ಟ. ಕ್ಯಾಮೆರಾದ ಹಿಂದೆ ಪೇಟೆಯ ಸ್ಟುಡಿಯೋದವನು. ಎಲ್ಲಾದರೂ ತಂತಿ ಕೈಕೊಟ್ಟರೆ ಎಂದು ಸ್ಮಶಾನದ ಗೋಡೆಯ ಮೇಲಿಂದ ಅದೇ ಕಂಬದ ಪೆಟ್ಟಿಗೆಯಿಂದಲೇ ಎರಡನೇ ತಂತಿಯೊಂದನ್ನೂ ಎಳೆದು, ಅದರ ತುದಿಯನ್ನು ಕೋಣೆಯಲ್ಲಿ ಸಿದ್ಧವಾಗಿಟ್ಟ. ಕೇಬಲ್ ಕಾಲದಲ್ಲಿ ಎಷ್ಟು ಮದುವೆ, ಇಗರ್ಜಿಯ ಎಷ್ಟು ಹಬ್ಬ ಹೀಗೆ ಉಳಿಸಿದ್ದನೋ.

"ನಾನೊಂದು ಸಲ ನೋಡ್ಲಾ ಇಚ್ಚಾಯಾ?" ಅಂದಳು ಎಲ್ಸಮ್ಮ.

"ಬೇಡ. ನೀನು ಹೆಂಗಸರ ಜೊತೆ ಕೂತು ಪ್ರಾರ್ಥನೆ ಮಾಡು. ಇದು ನನ್ನ ಕೆಲಸ."

ಪೂಜೆ ಚೆನ್ನಾಗಿ ನಡೆಯುತ್ತಿತ್ತು. ಅರ್ಧದಲ್ಲಿ ಜೋಯಿಚ್ಚನ್‌ನ ಸಂದೇಶ ಬಂತು: ಚಿತ್ರ ತಡೆದು ತಡೆದು ಬರ್ತಿದೆ. ಪಾಪ್ಪಚ್ಚನ್‌ಗೆ ಗಾಬರಿಯಾಗಲಿಲ್ಲ, ಹೆಮ್ಮೆಯಾಯಿತು. ಇದಕ್ಕೇ ತಾನೇ ಸಿದ್ಧವಾಗಿದ್ದದ್ದು. ಕೋಣೆಗೆ ಹೋಗಿ ಎರಡನೇ ತಂತಿಯ ತುದಿಯನ್ನು ಪೆಟ್ಟಿಗೆಗೆ ಚುಚ್ಚಿದ. ದೀಪಗಳೆಲ್ಲ ಒಟ್ಟಿಗೆ ಪಟಪಟ ಮಿನುಗತೊಡಗಿದವು. "ಈಗ ನೋಡು ಹೆಂಗೆ ಓಡುತ್ತೆ" ಎಂದುಕೊಂಡು ಮರಳಿ ಬಂದು ಶವಪೆಟ್ಟಿಗೆಯ ತಲೆಯ ಹತ್ತಿರ ನಿಂತ. ಹೂವಿನ ಮಧ್ಯೆ ಅಮ್ಮಚ್ಚಿಯ ಮುಖ ಚಿಕ್ಕದಾಗಿ ಕಂಡಿತು.

ಜೇಬಿನಲ್ಲಿ ಮೊಬೈಲು ನಡುಗಿತು. ಏನೂ ಕಾಣ್ತಿಲ್ಲ ಪಾಪ್ಪಚ್ಚಾ. ಮತ್ತೆ ನಡುಗಿತು. ಎಲ್ಲಿದೀಯ?

ಅವನು ಹೊರಗೆ ಓಡಿದ. ಮೊದಲನೇ ತಂತಿ ಎಲ್ಲೋ ತುಂಡಾಗಿದೆ, ಎರಡನೆಯದು ಸಾಲುತ್ತಿಲ್ಲ ಎಂದು ಅವನ ಲೆಕ್ಕ. ಕಂಬದಿಂದ ಕಂಬಕ್ಕೆ ತಂತಿ ನೋಡುತ್ತ ನಡೆದ, ಎಲ್ಲೂ ತುಂಡಾಗಿರಲಿಲ್ಲ. ಅಷ್ಟರಲ್ಲಿ ಶಾಲೆಯಿಂದ ಕರೆ, ಬ್ಯಾಂಕಿನಿಂದ ಕರೆ, ಊರಿಗೆ ಊರೇ ನೆಟ್ ಇಲ್ಲ ಅನ್ನುತ್ತಿತ್ತು. ಓಡಿ ಬಂದು ಮತ್ತೆ ಕೋಣೆಯ ಪೆಟ್ಟಿಗೆ ನೋಡಿದ. ದೀಪಗಳು ಹುಚ್ಚೆದ್ದು ಮಿನುಗುತ್ತಿದ್ದವು. ಎಲ್ಲ ಸರಿಯಿರುವ ಹಾಗೇ ಕಾಣುತ್ತಿತ್ತು, ಯಾವುದೂ ಸರಿಯಿರಲಿಲ್ಲ. ಎಲ್ಸಮ್ಮ ಗೋಡೆಯ ಆಚೆ ಹೆಂಗಸರ ಸಾಲಿನಲ್ಲಿದ್ದಳು, ಕೂಗಿದರೆ ಕೇಳುವಷ್ಟು ಹತ್ತಿರ. ಬಾಗಿಲ ತನಕ ಹೋದ. ಚಹಾದಂಗಡಿಯ ಮಾತ್ತನ್ ಮೆಟ್ಟಿಲ ಮೇಲೆ ನಿಂತು ಇವನನ್ನೇ ನೋಡುತ್ತಿದ್ದ. ಪಾಪ್ಪಚ್ಚನ್ ಹಿಂದಕ್ಕೆ ಬಂದ. ಒಳಗೆ ಕೊನೆಯ ಮುತ್ತಿನ ಹಾಡು ಎತ್ತಿದರು. ಅವನು ಮಂಡಿಯೂರಿ ಪೆಟ್ಟಿಗೆಯನ್ನು ಆರಿಸಿ ಹಾಕಿದ, ತಟ್ಟಿದ, ಮತ್ತೆ ಆರಿಸಿ ಹಾಕಿದ. ಹಾಡು ಮುಗಿಯಿತು.

ಕ್ಯಾಮೆರಾದವನ ಕೈಸನ್ನೆ ಕಂಡು ಎಲ್ಸಮ್ಮ ತಾನಾಗಿಯೇ ಬಂದಳು. ದೀಪ ನೋಡಿದಳು, ನೆಲದ ಮೇಲಿನ ತಂತಿಗಳನ್ನು ನೋಡಿದಳು, ಕಿಟಕಿಯಿಂದ ಸ್ಮಶಾನದ ಗೋಡೆಯ ತನಕ ಕಣ್ಣು ಹಾಯಿಸಿದಳು. ಬಗ್ಗಿ ಒಂದು ತುದಿ ಕಿತ್ತಳು. ದೀಪಗಳು ತಣ್ಣಗಾಗಿ, ಒಂದೊಂದಾಗಿ ನಿಧಾನ ಮಿನುಗಿದವು.

"ಅವತ್ತು ನೀವು ಚಹಾಕ್ಕೆ ಹೋಗಿದ್ರಿ" ಅಂದಳು. ಸಿಟ್ಟಿನಿಂದ ಹೇಳಿದ್ದರೆ ಅವನಿಗೆ ಎಷ್ಟೋ ಸುಖವಿತ್ತು.

ಚಿತ್ರ ಮರಳಿದಾಗ ಅಮ್ಮಚ್ಚಿಯ ಮುಖಕ್ಕೆ ಬಿಳಿ ಬಟ್ಟೆ ಮುಚ್ಚಿ ಆಗಿತ್ತು. ಜೋಯಿಚ್ಚನ್ ನೋಡಿದ್ದು ಮುಚ್ಚಿದ ಪೆಟ್ಟಿಗೆ, ಮತ್ತೆ ಮಣ್ಣು.

ಸಂಜೆ ಮನೆಯಲ್ಲಿ ಫೋನು ಬಂತು. ಪಾಪ್ಪಚ್ಚನ್ ಜಗಲಿಯಲ್ಲಿ ಕೂತಿದ್ದ, ಎಲ್ಸಮ್ಮ ಬಾಗಿಲ ಬಳಿ ಅಕ್ಕಿ ಆರಿಸುತ್ತಿದ್ದಳು.

"ನಡುವೆ ಹೋಗ್ಬಿಡ್ತು ಪಾಪ್ಪಚ್ಚಾ. ಪರವಾಗಿಲ್ಲ, ಯಂತ್ರ ಅಲ್ವಾ" ಅಂದ ಜೋಯಿಚ್ಚನ್. "ಒಂದು ಹೇಳು. ನನ್ನ ಹೆಸರಲ್ಲಿ ಕೊಟ್ಟೆಯಾ?"

ಮುತ್ತಿನ ಹೊತ್ತಿನಲ್ಲಿ ತಾನು ಎಲ್ಲಿದ್ದೆನೆಂದು ಪಾಪ್ಪಚ್ಚನ್‌ಗೆ ಆಗಲೇ ಹೊಳೆದದ್ದು.

ಫೋನಿನ ಮಾತು ಬಾಗಿಲ ತನಕ ಕೇಳುತ್ತಿತ್ತು. ಎಲ್ಸಮ್ಮ ಮೊರದಿಂದ ತಲೆಯೆತ್ತದೆ ಮೆಲ್ಲಗೆ ಅಂದಳು: "ನೀವು ಕಾಣ್ಲಿಲ್ಲ. ಅದಕ್ಕೇ ನಾನು ಎರಡು ಕೊಟ್ಟೆ ಇಚ್ಚಾಯಾ. ಒಂದು ಜೋಯಿಚ್ಚನದು. ನೀವೇ ಕೊಟ್ಟೆ ಅಂತ ಹೇಳಿ, ಅವನಿಗೆ ಸಮಾಧಾನ ಆಗ್ಲಿ."

ಅದನ್ನೂ ಅವಳೇ ಮಾಡಿದ್ದಳು. ಯಾವ ಟೀಚರೂ ಕಲಿಸಬೇಕಿಲ್ಲದ ಕೆಲಸ, ಅವನಿಗೇ ಒಪ್ಪಿಸಿದ್ದ ಕೆಲಸ. ಇಷ್ಟು ದಿನ ಉರಿದದ್ದೆಲ್ಲ ಏನೂ ಅಲ್ಲ ಅನ್ನುವಷ್ಟು ಹೊಟ್ಟೆ ಉರಿಯಿತು. ಈಗ ಆ ಮುತ್ತನ್ನೂ ದಾನ ಕೊಡುತ್ತಿದ್ದಾಳೆ. ಹೌದು ಅಂದುಬಿಟ್ಟರೆ ಮುಗಿಯಿತು. ಅವಳು ಸತ್ತರೂ ಬಾಯಿ ಬಿಡುವವಳಲ್ಲ. ಆದರೆ ಆ ಮುತ್ತು ತನ್ನದೆಂದು ಹೇಳಿ ಬದುಕುವುದು ಈ ಉರಿಗಿಂತ ಕಷ್ಟ ಎಂದು ಅವನಿಗೆ ಅನ್ನಿಸಿತು.

"ನಾನು ಕೊಡ್ಲಿಲ್ಲ ಕಣೋ" ಅಂದ. "ಎಲ್ಸಮ್ಮ ಕೊಟ್ಳು. ನೆಟ್ ಹಾಳು ಮಾಡಿದ್ದು ನಾನು. ನಾನೇ ಹಾಕಿದ ತಂತಿ. ಅವಳನ್ನ ಕರೆದಿದ್ರೆ ನೀನು ಅಮ್ಮಚ್ಚಿ ಮುಖ ನೋಡ್ತಿದ್ದೆ. ನಾನು ಕರೀಲಿಲ್ಲ."

ಮೊರದ ಮೇಲೆ ಎಲ್ಸಮ್ಮನ ಕೈ ನಿಂತಿತ್ತು.

"ಫೋನು ಎಲ್ಸಮ್ಮನ ಕೈಗೆ ಕೊಡು" ಅಂದ ಜೋಯಿಚ್ಚನ್.

ಪಾಪ್ಪಚ್ಚನ್ ಎದ್ದು ಹೋಗಿ ಕೊಟ್ಟ.