ಶಾಲಿನಿಂದ ಬೆಂಚು ಒರೆಸುತ್ತಿದ್ದ ಮಾದೇವಣ್ಣ

ಮಾದೇವಣ್ಣ ಸನ್ಮಾನದ ಶಾಲು ಹೊದ್ದದ್ದನ್ನು ನಾನು ಕಂಡಿಲ್ಲ. ಸಭೆಯಲ್ಲಿ ಹೆಗಲ ಮೇಲೆ ಹಾಕಿದ್ದನ್ನು ಫೋಟೋ ತೆಗೆಯುವವರೆಗೆ ತಾಳಿಕೊಂಡಿರುತ್ತಿದ್ದ. ಮನೆಗೆ ಬಂದವನೇ ಕತ್ತರಿ ಹಿಡಿದು ತುಂಡು ಮಾಡುತ್ತಿದ್ದ. ಮರುದಿನ ಬೆಳಿಗ್ಗೆ ಆ ಜರಿ ಅಂಚಿನ ತುಂಡಿನಿಂದ ನಮ್ಮೂರು ಮಂಕಿಯ ಹೆದ್ದಾರಿ ಬದಿಯ ಬಸ್ ಸ್ಟಾಪಿನ ಕಲ್ಲುಬೆಂಚನ್ನು ಒರೆಸುತ್ತ ನಿಂತಿರುತ್ತಿದ್ದ.

"ಥೋ, ಇದು ನೀರೂ ಹೀರೂದಿಲ್ಲ ತಂಗಿ" ಎಂದು ನನ್ನ ಹತ್ತಿರ ದೂರು ಹೇಳುತ್ತಿದ್ದ. "ಇದರ ಬದಲು ಒಂದು ಹಳೇ ಪಂಚೆ ಕೊಟ್ಟಿದ್ರೆ ಉಪಕಾರ ಆಗ್ತಿತ್ತು."

ಆ ಬಸ್ ಸ್ಟಾಪು ಅವನ ತಮ್ಮ ಗಣಪತಿಯ ಹೆಸರಿನದು. ಗಣಪತಿ ಸೈನ್ಯದಲ್ಲಿದ್ದ, ಹಿಮದ ಗಡಿಯಲ್ಲಿ ಗುಂಡು ತಾಗಿ ತೀರಿಕೊಂಡ. ಹುತಾತ್ಮನ ಅಣ್ಣನೆಂದೇ ಮಾದೇವಣ್ಣನಿಗೆ ಆ ಶಾಲುಗಳು. ನಾನು ಹೊನ್ನಾವರದ ಆಸ್ಪತ್ರೆಯೊಂದರಲ್ಲಿ ನರ್ಸು. ದಿನಾ ಬೆಳಿಗ್ಗೆ ಅಲ್ಲೇ ಬಸ್ಸು ಹತ್ತುವವಳು. ಸಂಜೆ ಕಾಲು ಬಾವು ಬಂದು ಇಳಿದಾಗ ಮನೆಯವರೆಗೆ ನಡೆಯಲಾರದೆ ಅದೇ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂರುತ್ತಿದ್ದೆ. ಹಾಗೆ ಕೂತೇ ಮಾದೇವಣ್ಣನ ಪರಿಚಯ ಗಟ್ಟಿಯಾದದ್ದು.

ಅವನು ಸರಕು ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದವನು. ಗಟ್ಟಿ ನೆಲದ ಮೇಲೂ ಕಾಲು ಅಗಲಿಸಿ, ಯಾವಾಗ ಬೇಕಾದರೂ ಭೂಮಿ ವಾಲಬಹುದು ಎಂಬಂತೆ ನಿಲ್ಲುತ್ತಿದ್ದ. ಯಾವ ದೇಶದ ಹೆಸರೆತ್ತಿದರೂ ಅವನ ಹತ್ತಿರ ಎರಡೇ ಸುದ್ದಿ: ಅಲ್ಲಿಯ ಮೀನು ಹೇಗೆ, ಅಲ್ಲಿ ಯುದ್ಧದಲ್ಲಿ ಸತ್ತವರಿಗೆ ಕಟ್ಟಿದ ಸ್ಮಾರಕ ಹೇಗೆ. ಮೀನಿನ ವಿಷಯದಲ್ಲಿ ಯಾವ ದೇಶವೂ ನಮ್ಮ ಹೊನ್ನಾವರದ ಸಮ ಬರುವುದಿಲ್ಲ ಎಂದು ತೀರ್ಮಾನವಾಗಿತ್ತು. ಸ್ಮಾರಕಗಳ ವಿಷಯದಲ್ಲಿ ಮಾತ್ರ ಒಂದೊಂದಕ್ಕೆ ಒಂದೊಂದು ಅಂಕ. ರಷ್ಯಾದ ಬಂದರಿನಲ್ಲಿ ಹೊಸ ಮದುಮಕ್ಕಳು ಮದುವೆ ಬಟ್ಟೆಯಲ್ಲೇ ಬಂದು ಉರಿಯುವ ಜ್ವಾಲೆಯ ಮುಂದೆ ಹೂವಿಟ್ಟು ಹೋದದ್ದನ್ನು ಬಾಯ್ತುಂಬ ಹೊಗಳಿ, "ಆದ್ರೆ ನಾ ಕೂತ್ಕಳುಕೆ ಹೋದ್ರೆ ಒಬ್ಬ ಪೊಲೀಸ ಶಿಳ್ಳೆ ಹಾಕ್ದ" ಎಂದು ಅಂಕ ಕಳೆಯುತ್ತಿದ್ದ. ಸಿಂಗಾಪುರದಲ್ಲಿ ಗೋಡೆ ತುಂಬ ನಮ್ಮ ದೇಶದವರದೇ ಹೆಸರಂತೆ. "ಸಿಂಗು, ಖಾನು, ರಾಮ, ಎಲ್ಲಾ ಅವ್ರೆ. ಅಷ್ಟು ದೂರ ಯಾರ ಅವ್ವಿ ಹೋಗಿ ನೋಡ್ತದೆ ಹೇಳು?" ಎಂದು ಕೇಳಿ ಮತ್ತೆ ಬೆಂಚು ಒರೆಸತೊಡಗುತ್ತಿದ್ದ.

ಸ್ಮಾರಕಗಳ ಈ ಹುಚ್ಚು ಯಾಕೆ ಹಿಡಿಯಿತೆಂದು ಒಂದು ಸಂಜೆ ನಾನೇ ಕೇಳಿದೆ. ಅವನು ಒರೆಸುವುದನ್ನು ನಿಲ್ಲಿಸಿ ನನ್ನ ಪಕ್ಕ ಕೂತ. ತಮ್ಮ ಸತ್ತ ಸುದ್ದಿ ಬಂದಾಗ ಅವನ ಹಡಗು ಇಂಗ್ಲೆಂಡಿನ ಒಂದು ಬಂದರಿನಲ್ಲಿತ್ತು. ಹೊರಟು ಬಂದರೂ ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು.

"ಹಡಗಲ್ಲಿ ಅಳುಕೆ ಜಾಗ ಎಲ್ಲದೆ ತಂಗಿ? ಅಡುಗೆಮನೆಲಿ ಅತ್ರೆ ಸಾರಿಗೆ ಬೀಳ್ತದೆ. ಪ್ಯಾಟೆ ಬದಿಗೆ ನಡೆದೆ. ಅಲ್ಲೊಂದು ಕಲ್ಲಿನ ಕಂಬ, ಸುತ್ತ ಮೆಟ್ಲು, ಕಂಬದ ತುಂಬ ಹೆಸರು. ಯುದ್ಧದಾಗೆ ಸತ್ತ ಅವರೂರ ಹುಡುಗರದ್ದು. ಮಳೆ ಬಂದು ನಿಂತಿತ್ತು. ಒಂದು ಮುದುಕಿ ಮೆಟ್ಲ ಮೇಲೆ ಕೂತ್ಕಂಡು ಬ್ರೆಡ್ಡು ತಿಂತಿತ್ತು. ನನ್ನ ಮುಖ ಕಂಡ್ತು. ಎಂತದೂ ಕೇಳ್ಲಿಲ್ಲ. ತನ್ನ ಚೀಲ ಆಚೆ ಸರಿಸ್ತು, ಕೈಯಾಗಿದ್ದ ಪೇಪರ್ನಾಗೆ ಮೆಟ್ಲು ಒರಸ್ತು, ಕುಂತ್ಕ ಅಂತ ಕೈ ಮಾಡ್ತು. ಅವರ ಸತ್ತವರ ಮೆಟ್ಲ ಮೇಲೆ ಕೂತು ನಮ್ಮ ಗಣಪತಿಗೆ ಅತ್ಕಂಡೆ."

ಊರವರು ಗಣಪತಿಯ ನೆನಪಿಗೆ ಏನು ಮಾಡೋಣ ಎಂದು ಕೇಳಿದಾಗ, ಬಸ್ಸಿಗೆ ಕಾಯುವವರು ಕೂರುವಂತಾದರೆ ಸಾಕು ಎಂದು ಹೇಳಿದವನು ಅವನೇ. ಕೆಂಪು ಚಿರೇಕಲ್ಲಿನ ಗೋಡೆ, ಮೇಲೆ ಹಂಚು, ಒಳಗೆ ಕಡಪ ಕಲ್ಲಿನ ಉದ್ದ ಬೆಂಚು, ಗೋಡೆಯ ಮೇಲೆ ಹೆಸರು. ಅವನ ತಾಯಿ ಕಾಲು ನಡೆಯುವವರೆಗೂ ಸಂಜೆ ಬಂದು ಅಲ್ಲಿ ಕೂತಿರುತ್ತಿದ್ದಳಂತೆ. ಬಸ್ಸಿನಿಂದ ಇಳಿದವರೆಲ್ಲ ಅವಳ ಹತ್ತಿರ ಎರಡು ಮಾತಾಡಿಯೇ ಹೋಗುತ್ತಿದ್ದರಂತೆ.

ಆಮೇಲೆ ಹೆದ್ದಾರಿ ಅಗಲವಾಯಿತು. ಭಟ್ಕಳದಿಂದ ಕುಮಟಾದವರೆಗೆ ಎಷ್ಟೋ ಮರ, ಅಂಗಡಿ, ಅಂಗಳ ಹೋದವು. ಗಣಪತಿಯ ಬಸ್ ಸ್ಟಾಪೂ ಹೋಯಿತು. ಜೆಸಿಬಿ ಬಂದ ದಿನ ಮಾದೇವಣ್ಣ ಅಡ್ಡ ನಿಲ್ಲಲಿಲ್ಲ, ಕೂಗಾಡಲಿಲ್ಲ. ಡ್ರೈವರನಿಗೆ ಚಾ ತಂದುಕೊಟ್ಟು, "ಬೆಂಚಿನ ಕಲ್ಲೊಂದು ಒಡೀಬೇಡ ಮಾರಾಯ" ಎಂದು ಕೇಳಿಕೊಂಡ. ಗೂಡ್ಸ್ ರಿಕ್ಷಾದಲ್ಲಿ ಅದನ್ನು ಮನೆಗೆ ಸಾಗಿಸಿ ಗೋಡೆಗೆ ಒರಗಿಸಿಟ್ಟ. ನಾವೆಲ್ಲ ಬಿಸಿಲಲ್ಲಿ ನಿಂತು ಬಸ್ಸಿಗೆ ಕಾಯುವ ಕಾಲ ಶುರುವಾಯಿತು. ಆ ವರ್ಷಗಳ ಸುಸ್ತು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಕೊನೆಗೆ ಊರಲ್ಲಿ ಒಂದು ಸಮಿತಿ ಆಯಿತು. ಬಸ್ ಸ್ಟಾಪಿನ ಬದಲು ಗಣಪತಿಯ ಪ್ರತಿಮೆ ನಿಲ್ಲಿಸುವುದು, ಸುತ್ತ ಕಬ್ಬಿಣದ ಬೇಲಿ ಹಾಕುವುದು ಎಂದು ಠರಾವಾಯಿತು. ಮಾದೇವಣ್ಣ ಸಭೆಯಲ್ಲಿ ಎದ್ದು ನಿಂತು, "ನಂಗೆ ಕಲ್ಲಿನ ತಮ್ಮ ಬೇಡ. ಕೂತ್ಕಳುಕೆ ಒಂದು ಜಾಗ ಮಾಡಿ, ಆತು" ಎಂದ.

"ಕೂರುಕೆ ಜಾಗ ಮಾಡಿದ್ರೆ ಜನ ಎಲೆ ಅಡಿಕೆ ಉಗೀತ್ರು ಮಾದೇವಣ್ಣ, ನಾಯಿ ಬಂದು ಮಲಗ್ತದೆ" ಎಂದರು ಅಧ್ಯಕ್ಷರು. "ಹುತಾತ್ಮರಿಗೆ ಅವಮಾನ ಅಲ್ವಾ?"

"ಉಗಿದ್ರೆ ನಾ ಒರಸ್ತೆ. ಇಷ್ಟು ದಿನ ಒರಸ್ಲಿಲ್ವಾ? ನಾಯಿ ಮಲಗಿದ್ರೆ ಮಲಗ್ಲಿ. ಗಣಪತಿಗೆ ನಾಯಿ ಅಂದ್ರೆ ಜೀವ."

ಸಭೆ ನಕ್ಕಿತು. ಹಾಗೆ ನಗುವ ಮಾತು ಅದಾಗಿರಲಿಲ್ಲ. ನನಗೆ ಸಿಟ್ಟು ಬಂದು, ದಿನಾ ಬಿಸಿಲಲ್ಲಿ ನಿಲ್ಲುವವರನ್ನು ಒಂದು ಮಾತು ಕೇಳಿ ಎಂದೆ. ಅಧ್ಯಕ್ಷರು ಕೆಟ್ಟವರಲ್ಲ. "ನೋಡುವ ಅಕ್ಕ, ಮುಂದೆ ನೋಡುವ" ಎಂದರು. ನೋಡುವ ಎಂದರೆ ಆಗುವುದಿಲ್ಲ ಎಂದು ನಮ್ಮ ಕಡೆಯವರಿಗೆಲ್ಲ ಗೊತ್ತು. ಮಾದೇವಣ್ಣ ಹೊರಗೆ ನಡೆದ. ಎಷ್ಟೋ ಸಭೆಗಳಲ್ಲಿ ಕೂತು ಕೂತು ಅವನಿಗೆ ದಣಿವಾಗಿತ್ತು.

ಪ್ರತಿಮೆ ಬಂತು. ಕೈಯಲ್ಲಿ ಬಂದೂಕು, ಮೂಗಿನ ಕೆಳಗೆ ದಪ್ಪ ಮೀಸೆ. ಗಣಪತಿ ಒಂದು ದಿನವೂ ಮೀಸೆ ಬಿಟ್ಟವನಲ್ಲವಂತೆ. ಅನಾವರಣದ ದಿನ ಭಾಷಣಗಳು ಮುಗಿಯುವ ಹೊತ್ತಿಗೆ ಮಾದೇವಣ್ಣ ವೇದಿಕೆಯ ಮೇಲೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದ. ತಟ್ಟಿ ಎಬ್ಬಿಸಿ ಶಾಲು ಹೊದಿಸಿದರು. ಕೆಳಗಿಳಿದವನು ನನ್ನ ಹತ್ತಿರ ಬಂದು, "ಯಾರೋ ಪಾಪ, ನಿಂತ್ಕಂಡೇ ಇರ್ಬೇಕು ಇನ್ನು" ಎಂದು ಪ್ರತಿಮೆಯತ್ತ ನೋಡಿದ. ಬೇಲಿಯ ಗೇಟಿಗೆ ಆಗಲೇ ಬೀಗ ಬಿದ್ದಿತ್ತು.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಬಸ್ಸಿಗೆ ಹೋದರೆ, ಬೇಲಿಯ ಹೊರಗೆ ಎರಡು ಸಾಲು ಚಿರೇಕಲ್ಲಿನ ಮೇಲೆ ಆ ಹಳೆಯ ಕಡಪ ಕಲ್ಲು ಕೂತಿತ್ತು. ಹೇಗೆ ತಂದನೋ, ಯಾರು ಕೈ ಹಚ್ಚಿದರೋ ಗೊತ್ತಿಲ್ಲ. ಸಮಿತಿಯವರು ಗೊಣಗಿದರು. ಆದರೆ ಹುತಾತ್ಮನ ಅಣ್ಣನಿಗೆ ಕಲ್ಲು ತೆಗೆ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅಷ್ಟು ಶಾಲು ಹೊದಿಸಿದ್ದರಿಂದ ಆದ ಲಾಭ ಅದೊಂದೇ ಇರಬೇಕು.

ನಾನು ಅವನನ್ನು ಕೊನೆಗೆ ಕಂಡದ್ದೂ ಅಲ್ಲಿಯೇ. ಶ್ವಾಸದ ತೊಂದರೆ ಜೋರಾಗಿತ್ತು. ಎರಡು ಸಲ ಒರೆಸಿದರೆ ಒಂದು ಸಲ ಕೂತು ಸುಧಾರಿಸಿಕೊಳ್ಳುತ್ತಿದ್ದ. "ಆಸ್ಪತ್ರೆಗೆ ಬಾ, ನಾ ಡಾಕ್ಟ್ರ ಹತ್ರ ಹೇಳ್ತೆ" ಎಂದೆ. "ಬತ್ತೆ, ನಾಳೆ ಬತ್ತೆ" ಎಂದ. ಕೈಯಲ್ಲಿದ್ದ ಜರಿ ತುಂಡನ್ನು ಹಿಂಡಿ ಬೇಲಿಯ ಸರಳಿಗೆ ಸಿಕ್ಕಿಸಿದ. "ಇಲ್ಲೇ ಇರ್ಲಿ. ಮನೆಗೆ ಹೊತ್ಕಂಡು ಹೋಗುಕೂ ಬೇಜಾರು." ಬಸ್ಸು ಬಂತು, ನಾನು ಹತ್ತಿದೆ. ಅವನ ನಾಳೆ ಬರಲಿಲ್ಲ. ಮನೆಯಲ್ಲೇ ಹೋಗಿಬಿಟ್ಟ.

ಅವನನ್ನು ಕೊನೆಗೆ ನೋಡಲು ಸೇರಿದ ಜನ ಕಂಡು ಸಮಿತಿಯವರು ಮತ್ತೊಂದು ಶಾಲು ತಂದು ಅವನ ಮೈಮೇಲೆ ಹಾಸಿದರು. ಅದನ್ನು ಕತ್ತರಿಸುವವರು ಯಾರೂ ಇರಲಿಲ್ಲ. ನನಗೆ ಅಳು ಬರಲಿಲ್ಲ. ಆಸ್ಪತ್ರೆಯಲ್ಲಿ ಸಾವು ಕಂಡು ಕಂಡು ಕಣ್ಣು ಒಣಗಿದೆ ಎಂದುಕೊಂಡೆ.

ಅದಾಗಿ ಬಹಳ ದಿನ ನಾನು ಆ ಕಲ್ಲಿನ ಮೇಲೆ ಕೂರದೆ ಸೀದಾ ಮನೆಗೆ ನಡೆಯುತ್ತಿದ್ದೆ. ಮೊನ್ನೆ ಭಟ್ಕಳಕ್ಕೆ ಹೋಗುವುದಿತ್ತು. ಮಳೆ ಆಗಷ್ಟೇ ಬಿಟ್ಟಿತ್ತು. ಕಲ್ಲಿನ ಒಂದು ತುದಿಗೆ ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಎಲ್ಲಿಯವಳೋ, ನನಗೆ ಗುರುತಿಲ್ಲ. ನಾನು ನಿಂತದ್ದು ನೋಡಿ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. ಹಿಂದೆ ಕೈ ಚಾಚಿ ಬೇಲಿಯ ಸರಳಿನಿಂದ ಬಣ್ಣಗೆಟ್ಟ ಜರಿ ತುಂಡನ್ನು ತೆಗೆದು, ಒದ್ದೆ ಕಲ್ಲನ್ನು ಒರೆಸಿದಳು.

"ಕುಂತ್ಕಣಿ ಅಕ್ಕ. ಬಸ್ಸು ಬರುಕೆ ಹೊತ್ತದೆ."

"ಆ ಬಟ್ಟೆ ನಿಂದಾ?" ಎಂದು ಕೇಳಿದೆ.

"ಅಲ್ಲ ಅಕ್ಕ, ಯಾರದೋ ಏನೋ. ಇಲ್ಲೇ ಇರ್ತದೆ. ಎಲ್ರೂ ಒರಸ್ತ್ರು, ಕುಂತ್ಕಂತ್ರು."

ಅವಳು ಬಟ್ಟೆಯನ್ನು ಹಿಂಡಿ ಮತ್ತೆ ಅದೇ ಸರಳಿಗೆ ಸಿಕ್ಕಿಸಿದಳು. ನಾನು ಅವಳ ಪಕ್ಕದಲ್ಲಿ ಕೂತೆ. ಅವತ್ತು ಬಾರದಿದ್ದ ಅಳು ಆಗ ಬಂತು. ಅವಳು ಎಂತದೂ ಕೇಳಲಿಲ್ಲ.